ತಪ್ಪಿಹೋದ ಏಳನೇ ದಿನ: ಹೊಟ್ಟೆಯಲ್ಲಿದ್ದಾಗಲೇ ಕಂಡ ಕಿಡ್ನಿ ಊತದ ಒಂದು ಪ್ರಕರಣ

ಹಿನ್ನೆಲೆ

ಗಂಡ ಸಕಲೇಶಪುರ ತಾಲ್ಲೂಕಿನ ಒಂದು ಕಾಫಿ ತೋಟದಲ್ಲಿ ರೈಟರ್. ಹೆಂಡತಿಗೆ 24 ವರ್ಷ, ಚೊಚ್ಚಲ ಬಸಿರು, ತವರು ಅರಕಲಗೂಡು ಕಡೆ. ಮನೆಯಲ್ಲಿ ಅತ್ತೆ, ಮಾವ. ಗುರುತು ಹತ್ತದಂತೆ ಊರು, ವಯಸ್ಸು, ಸಂಸಾರದ ವಿವರಗಳನ್ನು ಬದಲಿಸಿದೆ. ಬಿಪಿ, ಶುಗರ್ ಏನೂ ಇರಲಿಲ್ಲ. ಮೂರನೇ ತಿಂಗಳಲ್ಲಿ ಎನ್‌ಟಿ ಸ್ಕ್ಯಾನಿಂಗ್ ಮತ್ತು ಡಬಲ್ ಮಾರ್ಕರ್ ರಕ್ತಪರೀಕ್ಷೆ ಆಗಿ, ಎರಡರಲ್ಲೂ ಡೌನ್ ಸಿಂಡ್ರೋಮಿನಂಥ ತೊಂದರೆಯ ಅಪಾಯ ಕಡಿಮೆ ಎಂದು ಬಂದಿತ್ತು. ಆ ಎರಡು ಕಾಗದಗಳನ್ನು ಅವರು ಎಸೆಯದೆ ಇಟ್ಟುಕೊಂಡಿದ್ದು ಮುಂದೆ ಬಹಳ ಉಪಯೋಗಕ್ಕೆ ಬಂತು.

20ನೇ ವಾರದಲ್ಲಿ, ಮಗುವಿನ ಅಂಗಾಂಗ ಸರಿಯಿದೆಯೇ ಎಂದು ನೋಡುವ ಅನಾಮಲಿ ಸ್ಕ್ಯಾನಿಂಗಿಗೆ ಬಸ್ಸಿನಲ್ಲಿ ಹಾಸನಕ್ಕೆ ಬಂದರು. ಸಂಜೆ ಕೈಗೆ ಸಿಕ್ಕ ವರದಿಯಲ್ಲಿ ಹೀಗಿತ್ತು: ಎಡ ಮೂತ್ರಪಿಂಡದ ಪೆಲ್ವಿಸ್ 6 ಮಿ.ಮೀ., ಬಲ 3 ಮಿ.ಮೀ., ಎಡಗಡೆ ಮೈಲ್ಡ್ ಹೈಡ್ರೋನೆಫ್ರೋಸಿಸ್, ಅಂದರೆ ಮೂತ್ರ ನಿಂತು ಆದ ಸ್ವಲ್ಪ ಊತ. ಸ್ತ್ರೀರೋಗ ತಜ್ಞೆ ಆ ಹೊತ್ತಿಗೆ ಮನೆಗೆ ಹೋಗಿಯಾಗಿತ್ತು. ಹಾಗಾಗಿ ವರದಿಯನ್ನು ಮೊದಲು ಓದಿದ್ದು ಮೊಬೈಲ್. ಬಸ್ಸು ಆಲೂರು ದಾಟುವಷ್ಟರಲ್ಲಿ ಗಂಡ ಡಯಾಲಿಸಿಸ್, ಕಿಡ್ನಿ ಕಸಿ ತನಕ ಹೋಗಿಬಿಟ್ಟಿದ್ದರು.

6 ಮಿ.ಮೀ. ಅಂದರೆ ಏನು

ಹೊಟ್ಟೆಯೊಳಗಿನ ಮಗು ಮೂತ್ರ ಮಾಡುತ್ತದೆ. ನಾಲ್ಕನೇ ತಿಂಗಳು ಕಳೆದ ಮೇಲೆ ಮಗುವಿನ ಸುತ್ತಲಿನ ನೀರಿನ ಬಹುಪಾಲು ಅದರದೇ ಮೂತ್ರ. ಮೂತ್ರಪಿಂಡದಲ್ಲಿ ಸೋಸಿದ ಮೂತ್ರ ಮೊದಲು ಕ್ಯಾಲಿಕ್ಸ್ ಎಂಬ ಪುಟ್ಟ ಬಟ್ಟಲುಗಳಿಗೆ, ಅಲ್ಲಿಂದ ಪೆಲ್ವಿಸ್ ಎಂಬ ಆಲಿಕೆಗೆ, ಅಲ್ಲಿಂದ ಮೂತ್ರನಾಳದಲ್ಲಿಳಿದು ಮೂತ್ರಕೋಶಕ್ಕೆ ಬರುತ್ತದೆ. ಸ್ಕ್ಯಾನಿಂಗಿನಲ್ಲಿ ಅಳೆಯುವುದು ಆ ಆಲಿಕೆಯ ಹಿಂದುಮುಂದಿನ ಅಗಲವನ್ನು. 2014ರಲ್ಲಿ ಹಲವು ತಜ್ಞ ಸಂಘಗಳು ಕೂಡಿ ಒಪ್ಪಿದ ಯುಟಿಡಿ (ಮೂತ್ರದ ದಾರಿಯ ಹಿಗ್ಗುವಿಕೆ) ವರ್ಗೀಕರಣದ ಪ್ರಕಾರ 16ರಿಂದ 27 ವಾರದೊಳಗೆ 4 ಮಿ.ಮೀ.ಗಿಂತ ಕಡಿಮೆ ಇದ್ದರೆ ಸಹಜ. 4ರಿಂದ 7ರೊಳಗಿದ್ದು ಬೇರೇನೂ ಕೊರತೆ ಕಾಣದಿದ್ದರೆ ಕಡಿಮೆ ಅಪಾಯದ ಗುಂಪು. 7 ಮುಟ್ಟಿದರೆ ಹೆಚ್ಚಿನ ನಿಗಾ ಬೇಕು. 28 ವಾರ ದಾಟಿದ ಮೇಲೆ ಈ ಗೆರೆಗಳು 7ಕ್ಕೂ 10ಕ್ಕೂ ಏರುತ್ತವೆ, ಏಕೆಂದರೆ ಮಗುವೂ ಅಷ್ಟು ಬೆಳೆದಿರುತ್ತದೆ.

ಇದು ಅಪರೂಪದ ಸಂಗತಿಯೇನಲ್ಲ. 100 ಬಸಿರಿನಲ್ಲಿ 1ರಿಂದ 5ರಲ್ಲಿ ಹೀಗೆ ಕಾಣುತ್ತದೆ, ಬಹಳಷ್ಟು ಮಕ್ಕಳಲ್ಲಿ ತಾನಾಗಿಯೇ ಇಳಿಯುತ್ತದೆ. ಉಳಿದವರಲ್ಲಿ ಪೆಲ್ವಿಸ್ ಮತ್ತು ಮೂತ್ರನಾಳ ಕೂಡುವ ಜಾಗ ಕಿರಿದಾಗಿರುವುದು, ಮೂತ್ರಕೋಶದಿಂದ ಮೂತ್ರ ಹಿಂದಕ್ಕೆ ಏರುವುದು, ಮೂತ್ರನಾಳದ ಕೆಳತುದಿಯ ಅಡಚಣೆ ಇಂಥವು ಸಿಗುತ್ತವೆ. ಮೂತ್ರ ಹೊರಬರುವ ದಾರಿಗೇ ಅಡ್ಡಲಾಗಿ ಪೊರೆ ಇರುವುದು ವಿರಳ. ಆದರೆ ಎಲ್ಲಕ್ಕಿಂತ ಗಂಭೀರವಾದದ್ದು ಅದೇ.

ಮಾರನೇ ದಿನ ಸ್ತ್ರೀರೋಗ ತಜ್ಞೆ ವರದಿ ಹಿಡಿದು ಹುಡುಕಿದ್ದು 6 ಎಂಬ ಅಂಕಿಯನ್ನಲ್ಲ, ಅದರ ಅಕ್ಕಪಕ್ಕದ ಸಾಲುಗಳನ್ನು. ಊತ ಒಂದೇ ಕಡೆಯೋ ಎರಡೂ ಕಡೆಯೋ? ಕ್ಯಾಲಿಕ್ಸ್ ಹಿಗ್ಗಿದೆಯೋ? ಮೂತ್ರಪಿಂಡದ ತಿರುಳು ತೆಳುವಾಗಿದೆಯೋ, ಅದರಲ್ಲಿ ಗುಳ್ಳೆಗಳಿವೆಯೋ? ಮೂತ್ರನಾಳ ಕಾಣುತ್ತಿದೆಯೋ? (ಸರಿಯಿದ್ದ ಮೂತ್ರನಾಳ ಸ್ಕ್ಯಾನಿಂಗಿನಲ್ಲಿ ಕಾಣುವುದೇ ಇಲ್ಲ.) ಮೂತ್ರಕೋಶ ತುಂಬಿ ಖಾಲಿಯಾಗುತ್ತಿದೆಯೋ, ಊದಿಕೊಂಡೇ ಇದೆಯೋ? ಸುತ್ತಲ ನೀರು ಸಾಕಷ್ಟಿದೆಯೋ? ಇಲ್ಲಿ ಊತ ಎಡಕ್ಕೆ ಮಾತ್ರ ಇತ್ತು. ಕ್ಯಾಲಿಕ್ಸ್ ಹಿಗ್ಗಿರಲಿಲ್ಲ, ತಿರುಳು ಸರಿಯಿತ್ತು, ಮೂತ್ರನಾಳ ಕಾಣಲಿಲ್ಲ, ನೀರು ಚೆನ್ನಾಗಿತ್ತು. ಮೂತ್ರಕೋಶದ ಬಗ್ಗೆ ವರದಿಯಲ್ಲಿ ಒಂದಕ್ಷರವೂ ಇರಲಿಲ್ಲ. ಆಕೆ ಸ್ಕ್ಯಾನಿಂಗ್ ಮಾಡಿದವರಿಗೆ ಫೋನ್ ಹಚ್ಚಿ ಕೇಳಿ, ಉತ್ತರವನ್ನು ವರದಿಯ ಮೇಲೇ ಪೆನ್ನಿನಲ್ಲಿ ಬರೆದು ಸಹಿ ಹಾಕಿದರು. ಎರಡು ನಿಮಿಷದ ಕೆಲಸ. ಮುಂದೆ ಈ ವರದಿ ನೋಡಿದ ಪ್ರತಿಯೊಬ್ಬ ವೈದ್ಯರೂ ಮೊದಲು ಕಣ್ಣಾಡಿಸಿದ್ದು ಆ ಪೆನ್ನಿನ ಸಾಲಿನ ಮೇಲೆ.

ಮನೆಯಲ್ಲಿ ಎದ್ದ ಪ್ರಶ್ನೆಗಳು

ಅತ್ತೆಗೆ ನೆನಪಾದದ್ದು ಗ್ರಹಣ. "ಅವತ್ತು ಹೊರಗೆ ಹೋಗ್ಬೇಡ ಅಂದ್ರೂ ಬಟ್ಟೆ ಒಣಗಾಕಕ್ಕೆ ಹೋದ್ಲು" ಎಂಬ ಮಾತು ಬಂತು. ಮಾವ ಬಾಳೆದಿಂಡಿನ ರಸ ತರಿಸಿದರು. ಕಿಡ್ನಿ ಕಲ್ಲಿಗೆ ನಮ್ಮ ಕಡೆ ಮೊದಲು ಹೇಳುವ ಮದ್ದು ಅದೇ. ಪಕ್ಕದ ಲೈನಿನವರೊಬ್ಬರು, ಮಗುವಿನ ಕಿಡ್ನಿಯಲ್ಲಿ ನೀರು ತುಂಬಿರುವುದರಿಂದ ತಾಯಿ ನೀರು ಕಡಿಮೆ ಮಾಡಬೇಕು ಎಂದರು. ಈ ಕೊನೆಯದು ನಿಜಕ್ಕೂ ತೊಂದರೆ ಮಾಡಿತು. ನಾಲ್ಕು ದಿನ ಅರೆಹೊಟ್ಟೆ ನೀರು ಕುಡಿದ ಆಕೆಗೆ ಉರಿಮೂತ್ರ ಶುರುವಾಗಿ ತಾಲ್ಲೂಕು ಆಸ್ಪತ್ರೆಗೆ ಹೋಗಬೇಕಾಯಿತು.

ತಾಯಿ ನೀರು ಬಿಟ್ಟರೆ ಮಗುವಿನ ಕಿಡ್ನಿ ಊತ ವಾಸಿಯಾಗುವುದಿಲ್ಲ, ಹೆಚ್ಚು ಕುಡಿದರೂ ವಾಸಿಯಾಗುವುದಿಲ್ಲ. ಗ್ರಹಣಕ್ಕೂ ಇದಕ್ಕೂ ಸಂಬಂಧವಿಲ್ಲ. ಆಕೆ ಮಾಡಿದ, ಮಾಡದೆ ಬಿಟ್ಟ ಯಾವ ಕೆಲಸವೂ ಇದಕ್ಕೆ ಕಾರಣವಲ್ಲ ಎಂಬುದನ್ನು ವೈದ್ಯೆ ಅತ್ತೆಯನ್ನೇ ಎದುರು ಕೂರಿಸಿಕೊಂಡು ಹೇಳಿದರು. ಸೊಸೆಗೆ ಒಬ್ಬಳಿಗೇ ಹೇಳಿ ಕಳಿಸಿದ್ದರೆ ಆ ಮಾತು ಮನೆ ಬಾಗಿಲಲ್ಲೇ ಉಳಿಯುತ್ತಿತ್ತು.

ನೆಂಟರೊಬ್ಬರು 24 ವಾರದೊಳಗೆ ತೆಗೆಸಿಬಿಡಬಹುದಲ್ಲ ಎಂದು ಕೇಳಿದ್ದರು. ಗರ್ಭಪಾತದ ಕಾಯ್ದೆಗೆ 2021ರಲ್ಲಿ ತಿದ್ದುಪಡಿಯಾದ ಮೇಲೆ ಕೆಲವು ವರ್ಗದ ಮಹಿಳೆಯರಿಗೆ 24 ವಾರದ ತನಕ ಅವಕಾಶವಿದೆ, ಭ್ರೂಣದಲ್ಲಿ ಗಂಭೀರ ನ್ಯೂನತೆಯಿದ್ದರೆ ಅದರ ನಂತರವೂ ವೈದ್ಯಕೀಯ ಮಂಡಳಿ ತೀರ್ಮಾನಿಸಬಹುದು. ಒಂದು ಕಡೆಯ 6 ಮಿ.ಮೀ. ಊತ ಅಂಥ ನ್ಯೂನತೆಯ ಹತ್ತಿರಕ್ಕೂ ಬರುವುದಿಲ್ಲ. ಒಂದೇ ಮೂತ್ರಪಿಂಡ ಇಟ್ಟುಕೊಂಡು ಇಡೀ ಆಯುಷ್ಯ ಕಳೆದವರು ಎಷ್ಟೋ ಮಂದಿ ಇದ್ದಾರೆ. ಡೌನ್ ಸಿಂಡ್ರೋಮಿನ ಪ್ರಶ್ನೆಗೆ ಮೂರನೇ ತಿಂಗಳ ಆ ಎರಡು ಕಾಗದಗಳು ಉತ್ತರ ಕೊಟ್ಟವು. ಬೇರೆ ಯಾವ ಗುರುತೂ ಇಲ್ಲದೆ ಪೆಲ್ವಿಸ್ ಊತ ಒಂದೇ ಕಂಡರೆ ಆ ಅಪಾಯ ಹೆಚ್ಚುವುದು ಅಷ್ಟಕ್ಕಷ್ಟೆ. ಹೀಗಾಗಿ ಸೂಜಿ ಹಾಕಿ ನೀರು ತೆಗೆದು ಪರೀಕ್ಷಿಸುವ ಅಗತ್ಯ ಬೀಳಲಿಲ್ಲ.

ಇನ್ನೊಂದು ಪ್ರಶ್ನೆ ಬೇರೆ ಜಾತಿಯದು. ಮೂತ್ರದ ದಾರಿಯ ಪೊರೆ ಗಂಡುಮಕ್ಕಳಿಗೆ ಮಾತ್ರ ಬರುತ್ತದೆ ಎಂದು ಗಂಡ ಓದಿದ್ದರು. "ಡಾಕ್ಟ್ರೇ, ಅದನ್ನ ನೋಡ್ಲೇಬೇಕಲ್ವಾ, ಅಂದ್ರೆ ಮಗು ಯಾವುದು ಅಂತ…" ಎಂದು ಅರ್ಧಕ್ಕೇ ನಿಲ್ಲಿಸಿದರು. 1994ರ ಕಾಯ್ದೆ ಪ್ರಕಾರ ಲಿಂಗ ತಿಳಿಸುವಂತಿಲ್ಲ, ಸೂಚ್ಯವಾಗಿ ಹೇಳುವುದೂ ಅಪರಾಧ. ಪೋಷಕರಿಗೆ ಅದು ತಿಳಿಯಬೇಕಾದ ಅಗತ್ಯವೂ ಇಲ್ಲ. ಪೊರೆ ಇದ್ದರೆ ಮೂತ್ರಕೋಶ ಊದಿ ಗೋಡೆ ದಪ್ಪಗಾಗಿರುತ್ತದೆ, ಸಾಮಾನ್ಯವಾಗಿ ಎರಡೂ ಮೂತ್ರಪಿಂಡ ಊದಿರುತ್ತವೆ, ನೀರು ಕಡಿಮೆಯಾಗುತ್ತಾ ಬರುತ್ತದೆ. ಇವು ಮೂರೂ ಇಲ್ಲಿ ಇರಲಿಲ್ಲ. ವೈದ್ಯೆ ಹೇಳಿದ್ದು ಅಷ್ಟೇ. ಆದರೆ ಕಿಡ್ನಿ ತೊಂದರೆ ಅಂದ ಮೇಲೆ ಗಂಡೇ ಇರಬೇಕು ಎಂದು ಮನೆಯವರು ಒಳಗೊಳಗೇ ತೀರ್ಮಾನಿಸಿಕೊಂಡರು.

32ನೇ ವಾರ

ಕಡಿಮೆ ಅಪಾಯದ ಗುಂಪಿಗೆ ನಡುವೆ ಹದಿನೈದು ದಿನಕ್ಕೊಮ್ಮೆ ಸ್ಕ್ಯಾನಿಂಗ್ ಬೇಕಿಲ್ಲ. 32 ವಾರ ಕಳೆದ ಮೇಲೆ ಒಂದು ಸಾಕು. ಇವರಿಗೆ ಹಾಗೆಯೇ ಹೇಳಲಾಗಿತ್ತು. ಸಮಾಧಾನವಾಗದೆ 25ನೇ ವಾರದಲ್ಲಿ ಬೇರೆ ಕಡೆ ಒಂದು ಮಾಡಿಸಿದರು. ಅಲ್ಲಿ 8 ಎಂದು ಬಂತು, ಮೂರು ದಿನ ಬಿಟ್ಟು ಹಳೆಯ ಜಾಗದಲ್ಲಿ 6.5 ಎಂದು ಬಂತು. ಮೂತ್ರಕೋಶ ತುಂಬಿದ್ದಾಗ ಪೆಲ್ವಿಸ್ ಕೊಂಚ ಹಿಗ್ಗಿ ಕಾಣುತ್ತದೆ, ಓರೆಯಾಗಿ ಅಳೆದರೂ ಅಂಕಿ ಏರುತ್ತದೆ. ಒಂದೆರಡು ಮಿ.ಮೀ. ವ್ಯತ್ಯಾಸಕ್ಕೆ ಅರ್ಥ ಹುಡುಕಬಾರದು. ಸಾಧ್ಯವಾದರೆ ಒಂದೇ ಕಡೆ ಮಾಡಿಸಬೇಕು.

32 ವಾರ 2 ದಿನಕ್ಕೆ ಬಂದ ಅಂಕಿ ಮಾತ್ರ ಹಾಗೆ ತಳ್ಳಿಹಾಕುವಂಥದ್ದಲ್ಲ. ಎಡ 11 ಮಿ.ಮೀ., ಕ್ಯಾಲಿಕ್ಸ್ ಹಿಗ್ಗತೊಡಗಿತ್ತು. ಬಲ 4, ಈ ತಿಂಗಳಿಗೆ ಸಹಜ. ತಿರುಳು ಸರಿ, ನೀರಿನ ಅಳತೆ 13 ಸೆಂ.ಮೀ., ಸ್ಕ್ಯಾನಿಂಗ್ ನಡೆಯುತ್ತಿದ್ದಾಗಲೇ ಮೂತ್ರಕೋಶ ಖಾಲಿಯಾಗಿ ಮತ್ತೆ ತುಂಬಿತು. ಮಗು ಈಗ ಹೆಚ್ಚಿನ ನಿಗಾದ ಗುಂಪಿಗೆ ಸೇರಿತು. 36ನೇ ವಾರಕ್ಕೆ 12.

ಬೇಗ ಆಪರೇಷನ್ ಮಾಡಿ ಮಗು ತೆಗೆಸಿದರೆ ಬೇಗ ಚಿಕಿತ್ಸೆ ಕೊಡಬಹುದಲ್ಲ ಎಂಬ ಒತ್ತಡ ಶುರುವಾದದ್ದು ಆಗಲೇ. ಕೇಳುವುದಕ್ಕೆ ಸರಿ ಎನಿಸುತ್ತದೆ. ಆದರೆ ಇನ್ನೊಂದು ಮೂತ್ರಪಿಂಡ ಗಟ್ಟಿಯಿದ್ದು ನೀರು ಸಾಕಷ್ಟಿದ್ದಾಗ ತಿಂಗಳು ತುಂಬುವ ಮೊದಲೇ ಹೆರಿಗೆ ಮಾಡಿಸಿದರೆ ಮೂತ್ರಪಿಂಡಕ್ಕೆ ಲಾಭವಿಲ್ಲ, ಶ್ವಾಸಕೋಶಕ್ಕೆ ನಷ್ಟವಿದೆ. ಸಿಸೇರಿಯನ್ನಿಗೂ ಇದು ಕಾರಣವಲ್ಲ. ಬದಲಾಗಬೇಕಿದ್ದುದು ಹೆರಿಗೆಯ ಜಾಗ ಮಾತ್ರ. ನವಜಾತ ಶಿಶು ವೈದ್ಯರು ಇರುವ ಕಡೆ ಆಗಲಿ ಎಂದು ಹಾಸನ ಗೊತ್ತುಮಾಡಿದರು. ಎರಡೂ ಕಡೆ ಊತ, ನೀರು ಕಡಿಮೆ ಎಂದಿದ್ದರೆ ಬೆಂಗಳೂರಿಗೇ ಹೋಗಬೇಕಾಗುತ್ತಿತ್ತು.

36ನೇ ವಾರದ ಭೇಟಿಯಲ್ಲಿ ವೈದ್ಯೆ ತಾಯಿ ಕಾರ್ಡಿನ ಮೇಲ್ಭಾಗದಲ್ಲಿ ಕೆಂಪು ಶಾಯಿಯಲ್ಲಿ ಬರೆದರು: "ಮಗುವಿನ ಎಡ ಕಿಡ್ನಿ ಊತ 12 ಮಿ.ಮೀ. ಹುಟ್ಟಿ 48 ಗಂಟೆ ಕಳೆದ ಮೇಲೆ ಮೊದಲ ವಾರದೊಳಗೆ ಸ್ಕ್ಯಾನ್. ಮತ್ತೆ 6 ವಾರಕ್ಕೆ. ಮೊದಲನೆಯದು ನಾರ್ಮಲ್ ಬಂದರೂ ಎರಡನೆಯದು ಬೇಕೇ ಬೇಕು."

ಎರಡನೇ ದಿನದ 7 ಮಿ.ಮೀ.

39 ವಾರಕ್ಕೆ ಸಹಜ ಹೆರಿಗೆ. ಹೆಣ್ಣು, 2.9 ಕೆ.ಜಿ. ಮೊದಲ ದಿನವೇ ಮೂತ್ರ ಮಾಡಿತು, ಎದೆಹಾಲು ಹಿಡಿಯಿತು. ಬೆನ್ನು, ಹೊಟ್ಟೆ, ಮೂತ್ರದ್ವಾರ ನೋಡಿ ಮಕ್ಕಳ ವೈದ್ಯರು ಎಲ್ಲ ಸರಿಯಿದೆ ಎಂದರು.

ಪ್ರಕರಣ ದಾರಿ ತಪ್ಪಿದ್ದು ಇಲ್ಲಿ. ಮನೆಯವರು ಅರಕಲಗೂಡಿಗೆ ಹೊರಡುವ ತರಾತುರಿಯಲ್ಲಿದ್ದರು. ಮತ್ತೆ ಬರುವುದು ತಪ್ಪಲಿ ಎಂದು ಅವರೇ ಕೇಳಿಕೊಂಡಿದ್ದರಿಂದ 36ನೇ ಗಂಟೆಗೆ ಸ್ಕ್ಯಾನಿಂಗ್ ಆಗಿಹೋಯಿತು. ಎಡ ಪೆಲ್ವಿಸ್ 7 ಮಿ.ಮೀ. ಹುಟ್ಟಿದ ಮೇಲೆ 10ರ ಕೆಳಗಿದ್ದರೆ ಸಹಜ. ವರದಿಯ ಕೊನೆಯಲ್ಲಿ ನಾರ್ಮಲ್ ಎಂದೇ ಇತ್ತು. ಅತ್ತೆ ಹರಕೆ ಕಟ್ಟಿದ್ದ ಮೂರು ಕಾಸಿನ ಗಂಟನ್ನು ಅಲ್ಲೇ ಬಿಚ್ಚಿದರು.

ಹುಟ್ಟಿದ ಮೊದಲ ಎರಡು ದಿನ ಮಗುವಿನ ಮೈಯಲ್ಲಿ ನೀರಿನಂಶ ಕಡಿಮೆ. ತಾಯಿಗೆ ಹಾಲು ಇನ್ನೂ ಪೂರ್ತಿ ಇಳಿದಿರುವುದಿಲ್ಲ, ಮೂತ್ರಪಿಂಡ ಸೋಸುವುದೂ ನಿಧಾನ. ಮೂತ್ರವೇ ಕಡಿಮೆ ಇದ್ದಾಗ ದಾರಿ ಎಷ್ಟು ಕಿರಿದಾಗಿದ್ದರೂ ಆಲಿಕೆ ತುಂಬಿ ನಿಲ್ಲುವುದಿಲ್ಲ. ಬೇಸಿಗೆಯಲ್ಲಿ ಬತ್ತಿದ ಕಾಲುವೆ ನೋಡಿ ಹೂಳಿಲ್ಲ ಎಂದಂತೆ. 48 ಗಂಟೆ ಕಾಯುವುದು ಈ ಕಾರಣಕ್ಕೆ. ಕಾಯಬಾರದ ಮಕ್ಕಳು ಬೇರೆ: ಎರಡೂ ಕಡೆ ತೀವ್ರ ಊತ ಇರುವವರು, ಇರುವುದೇ ಒಂದು ಮೂತ್ರಪಿಂಡ ಎಂಬವರು, ಪೊರೆಯ ಅನುಮಾನವಿರುವವರು.

ಡಿಸ್ಚಾರ್ಜ್ ಚೀಟಿಯಲ್ಲಿ 7ನೇ ದಿನಕ್ಕೆ ಮತ್ತೆ ಸ್ಕ್ಯಾನಿಂಗ್ ಎಂದು ಬರೆದಿತ್ತು. ಆದರೆ 7ನೇ ದಿನ ಪುರುಡಿನ ಒಳಗೆ ಬರುತ್ತದೆ. 11ನೇ ದಿನದ ತನಕ ಬಾಣಂತಿ ಹೊಸ್ತಿಲು ದಾಟುವುದಿಲ್ಲ. ನಾರ್ಮಲ್ ಎಂದ ಮೇಲೆ ಶಾಸ್ತ್ರ ಮುರಿದು ಹೋಗುವ ಕಾರಣವಾದರೂ ಏನು? ಹೋಗಲಿಲ್ಲ. ಇದರಲ್ಲಿ ಮನೆಯವರ ತಪ್ಪಿಗಿಂತ ದಿನ ಗೊತ್ತುಮಾಡಿದವರ ತಪ್ಪೇ ಹೆಚ್ಚು. ಈ ಸೀಮೆಯಲ್ಲಿ ಕೆಲಸ ಮಾಡುವವರಿಗೆ ಪುರುಡಿನ ಲೆಕ್ಕ ಗೊತ್ತಿರಬೇಕು. ಒಂದು ದಿನ ಹೆಚ್ಚು ಆಸ್ಪತ್ರೆಯಲ್ಲೇ ಉಳಿಸಿಕೊಂಡು 60ನೇ ಗಂಟೆಗೆ ಮಾಡಬಹುದಿತ್ತು, ಇಲ್ಲವೇ 12ನೇ ದಿನ ಎಂದು ಬರೆಯಬಹುದಿತ್ತು.

ಆಶಾ ಓದಿದ ಕೆಂಪು ಸಾಲು

ತವರೂರಿನ ಆಶಾ ಕಾರ್ಯಕರ್ತೆಗೆ ಈ ಬಸುರಿಯ ಹಿಂದುಮುಂದು ಗೊತ್ತಿರಲಿಲ್ಲ. ಆಸ್ಪತ್ರೆ ಹೆರಿಗೆಯಾದರೆ ಆಶಾ 3, 7, 14, 21, 28, 42ನೇ ದಿನ ಮನೆಗೆ ಬಂದು ಮಗುವನ್ನು ನೋಡಬೇಕು. ಇಲ್ಲಿ ಬಾಣಂತಿ ಊರಿಗೆ ಬಂದ ಸುದ್ದಿ ತಲುಪಿದ್ದೇ ತಡವಾಗಿ, ಮೊದಲ ಭೇಟಿ 14ನೇ ದಿನಕ್ಕೆ ಆಯಿತು. ತೂಕ ಬರೆಯಲು ತಾಯಿ ಕಾರ್ಡ್ ಬಿಚ್ಚಿದವರಿಗೆ ಮೇಲಿನ ಕೆಂಪು ಸಾಲು ಕಂಡಿತು.

"ಸ್ಕ್ಯಾನಿಂಗ್ ಆಯ್ತೇನಕ್ಕಾ?"

"ಆಯ್ತು, ನಾರ್ಮಲ್ ಅಂದ್ರು."

"ಯಾವತ್ತು ಮಾಡ್ಸಿದ್ದು?"

ಲೆಕ್ಕ ಹಾಕಿದರೆ 48 ಗಂಟೆಯಾಗಿರಲಿಲ್ಲ. "ನಾರ್ಮಲ್ ಬಂದ್ರೂ ಎರಡನೇದು ಬೇಕು ಅಂತ ಇಲ್ಲೇ ಬರ್ದವ್ರಲ್ಲ" ಎಂದು ಆಕೆ ಹಾಸನದ ಮಕ್ಕಳ ವೈದ್ಯರಿಗೆ ಅಲ್ಲಿಂದಲೇ ಫೋನ್ ಮಾಡಿಸಿದರು. 19ನೇ ದಿನದ ಸ್ಕ್ಯಾನಿಂಗಿನಲ್ಲಿ ಎಡ ಪೆಲ್ವಿಸ್ 16 ಮಿ.ಮೀ., ಅಂಚಿನ ಕ್ಯಾಲಿಕ್ಸ್‌ಗಳೂ ಹಿಗ್ಗಿದ್ದವು. ಮೂತ್ರನಾಳ ಕಾಣಲಿಲ್ಲ, ಬಲ ಮೂತ್ರಪಿಂಡ ಸರಿಯಿತ್ತು. ಹುಟ್ಟಿದ ಮೇಲೆ 15 ದಾಟಿದರೆ ಮಧ್ಯಮ ಅಪಾಯದ ಗುಂಪು.

ಸಿರಪ್ಪಿನ ಲೆಕ್ಕ

ಊತ ಈ ಮಟ್ಟದಲ್ಲಿದ್ದಾಗ ಮುಂದಿನ ಪರೀಕ್ಷೆಗಳು ಮುಗಿಯುವ ತನಕ ಮೂತ್ರದ ಸೋಂಕು ತಗಲದಂತೆ ರಾತ್ರಿಗೊಂದು ಸಣ್ಣ ಪ್ರಮಾಣದ ಆಂಟಿಬಯೋಟಿಕ್ ಕೊಡುವುದು ರೂಢಿ. ಮೊದಲ ಮೂರು ತಿಂಗಳಿಗೆ ಸೆಫಲೆಕ್ಸಿನ್, ಕೆ.ಜಿ. ತೂಕಕ್ಕೆ 10 ಮಿ.ಗ್ರಾಂ. ಮಗು 3.3 ಕೆ.ಜಿ. ಇತ್ತು, ಅಂದರೆ 33 ಮಿ.ಗ್ರಾಂ. 5 ಮಿ.ಲೀ.ನಲ್ಲಿ 125 ಮಿ.ಗ್ರಾಂ. ಇರುವ ಡ್ರೈ ಸಿರಪ್ಪಿನಲ್ಲಿ ಅದು 1.3 ಮಿ.ಲೀ. ಚಮಚದಲ್ಲಿ ಅಳೆಯಲಾಗದ ಪ್ರಮಾಣವಾದ್ದರಿಂದ 2 ಮಿ.ಲೀ. ಸಿರಿಂಜಿಗೆ ಗೆರೆ ಎಳೆದು ಕೊಟ್ಟರು. ಅಲ್ಲಿಯವರೆಗೆ ಎಲ್ಲ ಸರಿಯಾಗಿಯೇ ನಡೆಯಿತು.

40ನೇ ದಿನ ಮಗುವಿಗೆ ಜ್ವರ, 101.2 ಡಿಗ್ರಿ. ಹಾಲು ಬಿಟ್ಟು ನರಳುತ್ತಿತ್ತು. ಶೀತವಿಲ್ಲ, ಕೆಮ್ಮಿಲ್ಲ. ಹತ್ತಿರದ ಕ್ಲಿನಿಕ್ಕಿನಲ್ಲಿ ಜ್ವರದ ಡ್ರಾಪ್ಸ್ ಜೊತೆಗೆ ಬೇರೊಂದು ಆಂಟಿಬಯೋಟಿಕ್ ಬರೆಯಲು ಹೊರಟರು. ಮಕ್ಕಳ ವೈದ್ಯರು ಮೊದಲೇ ಅರ್ಧ ಪುಟದ ಒಂದು ಪತ್ರ ಕೊಟ್ಟಿದ್ದರು: 100.4 ದಾಟಿದರೆ ಮೊದಲು ಮೂತ್ರದ ಕಲ್ಚರ್ (ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಪರೀಕ್ಷೆ), ಆಮೇಲೆ ಆಂಟಿಬಯೋಟಿಕ್. ತಾಯಿ ಅದನ್ನು ಮುಂದಿಟ್ಟರು. ಕ್ಲಿನಿಕ್ಕಿನವರು ಓದಿ, ಏನನ್ನೂ ಕೊಡದೆ ನೇರ ಹಾಸನಕ್ಕೆ ಕಳಿಸಿದರು. ಆ ಒಂದು ಡೋಸ್ ಒಳಗೆ ಹೋಗಿದ್ದರೆ ಕಲ್ಚರಿನಲ್ಲಿ ಏನೂ ಬೆಳೆಯದೆ, ಇದು ಮೂತ್ರದ ಸೋಂಕೋ ಅಲ್ಲವೋ ಎಂಬುದೇ ಕೊನೆತನಕ ತೀರ್ಮಾನವಾಗುತ್ತಿರಲಿಲ್ಲ. ಮೂರು ತಿಂಗಳೊಳಗಿನ ಮಗುವಿಗೆ ಜ್ವರ ಬಂದರೆ ಕಿಡ್ನಿ ತೊಂದರೆ ಇರಲಿ ಬಿಡಲಿ, ದೊಡ್ಡಾಸ್ಪತ್ರೆಗೇ ಹೋಗಬೇಕು.

ಮೂತ್ರವನ್ನು ಅಂಟಿಸುವ ಚೀಲದಲ್ಲಿ ಹಿಡಿಯಲಿಲ್ಲ. ಚರ್ಮದ ಮೇಲಿನ ಬ್ಯಾಕ್ಟೀರಿಯಾ ಅದಕ್ಕೆ ಬೆರೆತು ಸುಳ್ಳು ಸೋಂಕು ತೋರಿಸುತ್ತದೆ. ಸಣ್ಣ ಕ್ಯಾತಿಟರ್ ಹಾಕಿ ತೆಗೆದರು. ಮಾದರಿ ಲ್ಯಾಬಿಗೆ ಹೋದ ಮೇಲೆ ರಕ್ತನಾಳದ ಮೂಲಕ ಔಷಧಿ ಶುರು. ಎರಡು ದಿನಕ್ಕೆ ಬಂದ ಕಲ್ಚರಿನಲ್ಲಿ ಇ. ಕೋಲಿ, ಮಿ.ಲೀ.ಗೆ 1 ಲಕ್ಷಕ್ಕೂ ಮೇಲೆ. ಅಚ್ಚರಿಯೆಂದರೆ ಆ ಇ. ಕೋಲಿ ಸೆಫಲೆಕ್ಸಿನ್‌ಗೆ ಬಗ್ಗುವಂಥದ್ದು. ದಿನಾ ರಾತ್ರಿ ಆ ಔಷಧಿ ಕುಡಿಯುವ ಮಗುವಿಗೆ ಸೋಂಕು ತಗಲಿದರೆ ಸಾಮಾನ್ಯವಾಗಿ ಅದಕ್ಕೆ ಬಗ್ಗದ ಬ್ಯಾಕ್ಟೀರಿಯಾ ಸಿಗುತ್ತದೆ. ಬಗ್ಗುವಂಥದ್ದೇ ಬೆಳೆದಿದೆ ಅಂದರೆ ಔಷಧಿ ಮೂತ್ರಕ್ಕೆ ತಕ್ಕಷ್ಟು ತಲುಪಿಲ್ಲ ಎಂದು ಅನುಮಾನಿಸಬೇಕು.

ಬಾಟಲಿ ತರಿಸಿ ನೋಡಿದರು. 30 ಮಿ.ಲೀ. ಬಾಟಲಿ, ತಳದಲ್ಲಿ ಎರಡು ಡೋಸ್ ಉಳಿದಿತ್ತು. 19ನೇ ದಿನ ನೀರು ಬೆರೆಸಿದ್ದೇ ಬೆರೆಸಿದ್ದು, 21 ದಿನವೂ ಅದೇ. ಲೇಬಲ್ಲಿನ ಮೇಲೆ ಕಲಸಿದ 7 ದಿನದೊಳಗೆ ಬಳಸಿ ಎಂದಿತ್ತು, ಇಂಗ್ಲಿಷಿನಲ್ಲಿ, ಎಳ್ಳುಕಾಳಿನಷ್ಟು ಅಕ್ಷರದಲ್ಲಿ. ಇಟ್ಟಿದ್ದು ಬಾಣಂತಿ ಕೋಣೆಯ ಗೂಡಿನಲ್ಲಿ, ಪಕ್ಕದಲ್ಲೇ ಹೊಗೆ ಹಾಕುವ ಕೆಂಡದ ಮಡಕೆ. ಮೇಲಾಗಿ ಮಗು ಅಷ್ಟರಲ್ಲಿ 4 ಕೆ.ಜಿ. ಮುಟ್ಟಿತ್ತು, ಡೋಸ್ 1.3ರಲ್ಲೇ ನಿಂತಿತ್ತು. ಜ್ವರಕ್ಕೆ ಇದೇ ಕಾರಣ ಎಂದು ಸಾಬೀತು ಮಾಡಲಾಗದು, ಸರಿಯಾಗಿ ಕೊಟ್ಟರೂ ಕೆಲವು ಮಕ್ಕಳಿಗೆ ಸೋಂಕು ಬರುತ್ತದೆ. ಆದರೆ ವಾರಕ್ಕೊಂದು ಹೊಸ ಬಾಟಲಿ, ಮಿಕ್ಕಿದ್ದು ಚೆಲ್ಲಬೇಕು ಎಂದು ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ. ಮುಕ್ಕಾಲು ಬಾಟಲಿ ಔಷಧಿ ಚೆಲ್ಲುವ ಮನಸ್ಸು ಯಾವ ಅಜ್ಜಿಗೂ ಬರುವುದಿಲ್ಲ, ಕಾರಣ ಹೇಳಲೇಬೇಕು. ಅಂದಿನಿಂದ ಪ್ರತಿ ಸೋಮವಾರ ಹೊಸ ಬಾಟಲಿ, ಕುದಿಸಿ ಆರಿಸಿದ ನೀರು ಗೆರೆಯ ತನಕ, ಫ್ರಿಜ್ಜಿನ ನಡುವಿನ ತಟ್ಟೆಯಲ್ಲಿ, ತಿಂಗಳಿಗೊಮ್ಮೆ ತೂಕ ನೋಡಿ ಹೊಸ ಡೋಸ್. ಮೂರು ತಿಂಗಳ ನಂತರ ಕೋಟ್ರೈಮಾಕ್ಸಜೋಲಿಗೆ ಬದಲಿಸಿದರು.

ಜ್ವರ ಮೂರನೇ ದಿನ ಇಳಿಯಿತು, ಚಿಕಿತ್ಸೆ 10 ದಿನ ನಡೆಯಿತು. ಆಸ್ಪತ್ರೆಯಲ್ಲೇ ಮಾಡಿದ ಸ್ಕ್ಯಾನಿಂಗಿನಲ್ಲಿ ಎಡ ಪೆಲ್ವಿಸ್ 17.

ಎರಡು ಪರೀಕ್ಷೆಗಳು

ಸೋಂಕು ಪೂರ್ತಿ ಆರಿದ ಮೇಲೆ ಎಂಸಿಯು ಮಾಡಿದರು. ಮೂತ್ರಕೋಶಕ್ಕೆ ಸಪೂರ ನಳಿಕೆ ಹಾಕಿ ಬಣ್ಣದ ದ್ರವ ತುಂಬಿ, ಮಗು ಮೂತ್ರ ಮಾಡುವಾಗ ಎಕ್ಸ್‌ರೇ ತೆಗೆಯುತ್ತಾರೆ. ದ್ರವ ಮೇಲಕ್ಕೇರಿದರೆ ಹಿಮ್ಮುಖ ಹರಿವು ಇದೆ ಎಂದರ್ಥ. ಏರಲಿಲ್ಲ. ಮಗು ಅಳುತ್ತದೆ, ಒಂದೆರಡು ದಿನ ಉರಿಯಿಂದ ಮೂತ್ರಕ್ಕೆ ಹಿಂಜರಿಯಬಹುದು, ಅಷ್ಟು ದಿನ ಆಂಟಿಬಯೋಟಿಕ್ ಪೂರ್ತಿ ಡೋಸಿನಲ್ಲಿರಬೇಕು. ಹಿಮ್ಮುಖ ಹರಿವಿಲ್ಲ, ಮೂತ್ರನಾಳ ಹಿಗ್ಗಿಲ್ಲ. ಉಳಿದದ್ದು ಪೆಲ್ವಿಸ್ ಮತ್ತು ಮೂತ್ರನಾಳ ಕೂಡುವ ಜಾಗ.

ಇಸಿ ಸ್ಕ್ಯಾನಿಗೆ ಮೂರನೇ ತಿಂಗಳಲ್ಲಿ ಬೆಂಗಳೂರಿಗೆ ಹೋದರು. ರಕ್ತಕ್ಕೆ ಅತ್ಯಲ್ಪ ವಿಕಿರಣದ ಔಷಧಿ ಕೊಟ್ಟು, ಯಾವ ಮೂತ್ರಪಿಂಡ ಎಷ್ಟು ಪಾಲು ಕೆಲಸ ಮಾಡುತ್ತದೆ, ಮೂತ್ರ ಎಷ್ಟು ಬೇಗ ಇಳಿಯುತ್ತದೆ ಎಂದು ನೋಡುವ ಪರೀಕ್ಷೆ. ಮೂತ್ರಪಿಂಡ ಬಲಿಯದ ಕಾರಣ 6 ವಾರದೊಳಗೆ ಮಾಡಿದರೆ ಅಂಕಿ ನಂಬುವಂತಿರುವುದಿಲ್ಲ. ಹೊಟ್ಟೆ ತುಂಬ ಹಾಲು ಕುಡಿಸಿಕೊಂಡು ಹೋಗಬೇಕು. ನೀರಿನಂಶ ಕಡಿಮೆಯಾದರೆ ಇಲ್ಲದ ಅಡಚಣೆ ಕಾಣುತ್ತದೆ. ಫಲಿತಾಂಶ: ಎಡ ಶೇ. 46, ಬಲ ಶೇ. 54. ಎಡಗಡೆ ಇಳಿಯುವುದು ನಿಧಾನ.

ದಾರಿ ಕಿರಿದಾಗಿದೆ ಎಂದು ಗೊತ್ತಾದ ಮೇಲೂ ಆಪರೇಷನ್ ಬೇಡ ಎಂದದ್ದು ತಾತನಿಗೆ ಒಗ್ಗಲಿಲ್ಲ. "ಪೈಪು ಕಟ್ಕೊಂಡಿದ್ರೆ ಬಿಡಿಸ್ದೆ ಕಾಯ್ತಾ ಕೂರ್ತಾರಾ?" ಎಂದರು. ಸರ್ಜನ್ ಹೇಳಿದ್ದು: "ಯಜಮಾನ್ರೇ, ಪೈಪು ಪೂರ್ತಿ ಕಟ್ಟಿಲ್ಲ, ತೊಟ್ಟಿ ಇನ್ನೂ ಗಟ್ಟಿಯಾಗಿದೆ. ತೊಟ್ಟಿ ಕೆಡೋಕೆ ಶುರುವಾದ್ರೆ ಆ ದಿನ ಮಾಡ್ತೀನಿ." ಪಾಲು 40ಕ್ಕಿಂತ ಮೇಲಿದ್ದರೆ ಕಾಯುವುದೇ ಸರಿ. ಹೀಗೆ ಕಾದವರಲ್ಲಿ ಹೆಚ್ಚಿನ ಮಕ್ಕಳಿಗೆ ಚಾಕು ಸೋಕುವುದೇ ಇಲ್ಲ. ಕಾಯುವುದು ಅಂದರೆ ಮರೆಯುವುದಲ್ಲ ಎಂದು ತೋರಿಸಲು ಅವರು ಮೂರು ತಿಂಗಳ ನಂತರದ ತಾರೀಖನ್ನು ಚೀಟಿಯ ಮೇಲೆ ಬರೆದು, ಯಾವ ಅಂಕಿ ಬಂದರೆ ಏನು ಮಾಡುವುದು ಎಂಬುದನ್ನೂ ಅದರಡಿ ಬರೆದುಕೊಟ್ಟರು: ಪಾಲು 40ರ ಕೆಳಗಿಳಿದರೆ, ಇಲ್ಲವೇ 5ರಿಂದ 10 ಅಂಶ ಕುಸಿದರೆ, ಊತ ಏರುತ್ತಲೇ ಹೋದರೆ, ಸೋಂಕು ಮರುಕಳಿಸಿದರೆ ಆಪರೇಷನ್.

ಆರನೇ ತಿಂಗಳಿಗೆ ಎಡ ಪೆಲ್ವಿಸ್ 24, ತಿರುಳು ತೆಳುವಾಗತೊಡಗಿತ್ತು. ಮರು ಇಸಿ ಸ್ಕ್ಯಾನಿನಲ್ಲಿ ಎಡ 37. ಮಗು ಮಾತ್ರ ನಗುತ್ತಾ, ಬೋರಲು ಬೀಳುತ್ತಾ ಇತ್ತು. ಹೊರಗಿಂದ ನೋಡಿ ಯಾರೂ ಕಾಯಿಲೆಯೆನ್ನುವಂತಿರಲಿಲ್ಲ. ಚೀಟಿಯಲ್ಲಿ ಮೊದಲೇ ಬರೆದಿದ್ದರಿಂದ ಮನೆಯಲ್ಲಿ ಎರಡನೇ ಮಾತು ಹುಟ್ಟಲಿಲ್ಲ. ಆಪರೇಷನ್ನಿಗೆ ಮೊದಲು ಒಪ್ಪಿದ್ದು ತಾತನೇ.

ಆಪರೇಷನ್, ಕಾಗದಪತ್ರ

ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿ ತನಕ ಚಿಕಿತ್ಸೆ ಇದೆ. ತುರ್ತಲ್ಲದ ಚಿಕಿತ್ಸೆಗೆ ಖಾಸಗಿ ಆಸ್ಪತ್ರೆಗೆ ಹೋಗಬೇಕಾದರೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರ ಬೇಕು. ಇವರ ತೊಡಕು ಏನೆಂದರೆ ತಾಯಿಯ ಹೆಸರು ಇನ್ನೂ ತವರಿನ ರೇಷನ್ ಕಾರ್ಡಿನಲ್ಲಿತ್ತು, ಮಗುವಿನದು ಯಾವುದರಲ್ಲೂ ಇರಲಿಲ್ಲ. ಅದನ್ನು ಸರಿಪಡಿಸಲು ಮೂರು ವಾರ ಓಡಾಟವಾಯಿತು. ಮೂರನೇ ತಿಂಗಳಲ್ಲೇ, ಆಪರೇಷನ್ ಬೇಕೋ ಬೇಡವೋ ತಿಳಿಯದ ಹೊತ್ತಿನಲ್ಲೇ ಈ ಕೆಲಸ ಮುಗಿಸಿಕೊಂಡಿದ್ದರೆ ಒಳ್ಳೆಯದಿತ್ತು.

ಏಳನೇ ತಿಂಗಳು ತುಂಬಿದ ಮೇಲೆ ಪೈಲೋಪ್ಲಾಸ್ಟಿ ಆಯಿತು. ಕಿರಿದಾದ ತುಂಡನ್ನು ಕತ್ತರಿಸಿ ತೆಗೆದು, ಪೆಲ್ವಿಸ್ಸನ್ನೂ ಮೂತ್ರನಾಳವನ್ನೂ ಅಗಲವಾಗಿ ಮತ್ತೆ ಹೊಲಿದರು. ಹೊಲಿಗೆ ಒಣಗುವ ತನಕ ಒಳಗೆ ಡಿಜೆ ಸ್ಟೆಂಟ್ ಎಂಬ ಮೆತ್ತನೆ ನಳಿಕೆ. ಅದು ಹೊರಗೆ ಕಾಣದು, ಮಗುವಿಗೆ ನೋವೂ ಇರದು, ಹಾಗಾಗಿ ಮರೆತುಹೋಗುವುದು ಸುಲಭ. ತಿಂಗಳುಗಟ್ಟಲೆ ಉಳಿದರೆ ಕಲ್ಲು ಕಟ್ಟುತ್ತದೆ. 6 ವಾರಕ್ಕೆ ಇನ್ನೊಮ್ಮೆ ಅರಿವಳಿಕೆ ಕೊಟ್ಟು ತೆಗೆಯಬೇಕು ಎಂಬುದನ್ನು ಆಪರೇಷನ್ನಿಗೆ ಮೊದಲೇ ಹೇಳಿದ್ದರಿಂದ ಇವರು ಆ ದಿನವನ್ನು ಅಡುಗೆಮನೆ ಕ್ಯಾಲೆಂಡರಿನಲ್ಲಿ ಸುತ್ತುಹಾಕಿ ಇಟ್ಟಿದ್ದರು, ತಪ್ಪಿಸಲಿಲ್ಲ.

ಸ್ಟೆಂಟ್ ತೆಗೆದ ಮೂರು ತಿಂಗಳಿಗೆ ಎಡ ಪೆಲ್ವಿಸ್ 14. ಇನ್ನೂ ಇದೆಯಲ್ಲ ಎಂದು ಮನೆಯವರು ಮತ್ತೆ ಹೆದರಿದರು. ಬಹಳ ಕಾಲ ಹಿಗ್ಗಿದ ಚೀಲ ಖಾಲಿಯಾದರೂ ಸಡಿಲವಾಗಿಯೇ ಉಳಿಯುತ್ತದೆ. ನೋಡಬೇಕಾದದ್ದು ಏರುತ್ತಿದೆಯೋ ಇಳಿಯುತ್ತಿದೆಯೋ ಎಂದು. ಇಸಿ ಸ್ಕ್ಯಾನಿನಲ್ಲಿ ಎಡ 39, ಮೂತ್ರ ಸಲೀಸಾಗಿ ಇಳಿಯುತ್ತಿತ್ತು. ಹೋದ ಪಾಲು ಪೂರ್ತಿ ವಾಪಸು ಬರಲಿಲ್ಲ, ಹೋಗುವುದು ನಿಂತಿತು. ಆಪರೇಷನ್ನಿನಿಂದ ಕೇಳಿದ್ದೂ ಅದನ್ನೇ.

ಏಳನೇ ದಿನದ ಸ್ಕ್ಯಾನಿಂಗ್ ತಪ್ಪದಿದ್ದರೆ ಆಪರೇಷನ್ ತಪ್ಪುತ್ತಿತ್ತೇ? ಇಲ್ಲ. ಜಾಗವೇ ಕಿರಿದಾಗಿತ್ತು. ಆದರೆ ಆಶಾ ಆ ಸಾಲು ಓದದಿದ್ದರೆ 40ನೇ ದಿನದ ಜ್ವರವನ್ನು ಯಾರೂ ಮೂತ್ರಕ್ಕೆ ಹೊಂದಿಸುತ್ತಿರಲಿಲ್ಲ, ತಾಯಿಯ ಕೈಯಲ್ಲಿ ಆ ಅರ್ಧ ಪುಟದ ಪತ್ರವೂ ಇರುತ್ತಿರಲಿಲ್ಲ.

ಮಗುವಿಗೆ ಈಗ ಒಂದೂವರೆ ವರ್ಷ. ಔಷಧಿ ನಿಂತಿದೆ, ಬಿಪಿ ನೋಡಿಸುತ್ತಾರೆ, ಜ್ವರ ಬಂದರೆ ಮೊದಲು ಮೂತ್ರ ಪರೀಕ್ಷೆ. ಫೈಲಿನ ಮೊದಲ ಹಾಳೆಯಲ್ಲಿ ತಾಯಿ ಎಡಗಡೆಯ ಮುಖ್ಯ ಅಂಕಿಗಳನ್ನು ಒಂದೇ ಸಾಲಿನಲ್ಲಿ ಬರೆದಿಟ್ಟಿದ್ದಾರೆ: 6, 11, 12, 7, 16, 17, 24, 14, 11. 7ರ ಸುತ್ತ ಒಂದು ಸೊನ್ನೆ ಸುತ್ತಿ, ಕೆಳಗೆ "36 ಗಂಟೆ" ಎಂದಿದೆ. ಕೊನೆಯ ಚೌಕದಲ್ಲಿ ತಾರೀಖು ಬರೆದಾಗಿದೆ, ಅಂಕಿ ಬರೆಯಬೇಕಿದೆ.